ಚರ್ಚಿಲ್ ಹಾಗೆ ಅಂದಿದ್ದನೇ? ಡೆಸ್ಕಿನಲ್ಲಿ ಕೂತು ನಾನು ನೋಡುವ ರೀತಿ

ದಾವಣಗೆರೆಯ ಒಂದು ಜಿಲ್ಲಾ ಪತ್ರಿಕೆಯಲ್ಲಿ ಓದುಗರ ಪತ್ರ, ಅಂಕಣ, ಸಭೆ-ಸಮಾರಂಭದ ವರದಿಗಳನ್ನು ತಿದ್ದಿ ಪುಟಕ್ಕೆ ಕೊಡುವುದು ನನ್ನ ಕೆಲಸ. ಆಗಸ್ಟ್ 15 ಹತ್ತಿರ ಬಂತೆಂದರೆ ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಪ್ರಧಾನಿ ಚರ್ಚಿಲ್, ಓದುಗರು ಕಳಿಸುವ ಬರಹಗಳ ಮೂಲಕ, ನಮ್ಮ ಆಫೀಸಿಗೆ ತಪ್ಪದೆ ಬರುತ್ತಾನೆ. ‘ಭಾರತಕ್ಕೆ ಸ್ವಾತಂತ್ರ್ಯ ಕೊಟ್ಟರೆ ಅಧಿಕಾರ ಕಳ್ಳರ, ಪುಂಡರ, ಲೂಟಿಕೋರರ ಕೈಗೆ ಹೋಗುತ್ತದೆ, ಮುಂದೊಂದು ದಿನ ಗಾಳಿ ನೀರಿಗೂ ತೆರಿಗೆ ಬೀಳುತ್ತದೆ’ ಎಂದು 1947ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಆತ ಭವಿಷ್ಯ ನುಡಿದಿದ್ದನಂತೆ. ಆಡಳಿತ ಪಕ್ಷವನ್ನು ಬೈಯುವವರೂ ಇದನ್ನೇ ಬರೆದು ಕಳಿಸುತ್ತಾರೆ, ವಿರೋಧ ಪಕ್ಷವನ್ನು ಬೈಯುವವರೂ ಇದನ್ನೇ. ಎಲ್ಲರಿಗೂ ಒಗ್ಗುವ ಉಲ್ಲೇಖ ಕಂಡರೆ ನನಗೆ ಮೊದಲು ಬರುವುದೇ ಅನುಮಾನ.

ಪತ್ರವನ್ನು ಕೈಯಲ್ಲೇ ಬರೆದು ಆಫೀಸಿಗೆ ತಂದುಕೊಡುವ ನಿವೃತ್ತ ಮೇಷ್ಟ್ರೊಬ್ಬರು ಇದ್ದಾರೆ. ಈ ಸಾಲು ತೆಗೆದಿದ್ದಕ್ಕೆ ಒಮ್ಮೆ ಎದುರಿಗೇ ಕೂತು ಕೇಳಿದರು: “ಅಲ್ಲಪ್ಪಾ, ಚರ್ಚಿಲ್ ಹಾಗೆ ಅನ್ನೋವಂಥವನೇ ಅಲ್ವೇನು? ನಮ್ಮನ್ನ ಕಂಡರೆ ಅವನಿಗೆ ಆಗ್ತಿರಲಿಲ್ಲ ಅನ್ನೋದು ಲೋಕಕ್ಕೇ ಗೊತ್ತು.” “ಅಂಥವನೇ ಸರ್, ಅದಕ್ಕೇ ಈ ಮಾತು ಇಷ್ಟು ಸಲೀಸಾಗಿ ಓಡಾಡ್ತಿರೋದು” ಅಂದೆ. ಅವರಿಗೆ ಸಮಾಧಾನವಾಗಲಿಲ್ಲ. ಆದರೆ ನನ್ನ ಕೆಲಸವೆಲ್ಲ ನಿಂತಿರುವುದು ಇಲ್ಲೇ. ಮನುಷ್ಯ ಎಂಥವನು ಎಂಬುದರಿಂದ ಮಾತು ಅವನದೋ ಅಲ್ಲವೋ ಎಂದು ತೀರ್ಮಾನ ಮಾಡಿದರೆ, ಕೆಟ್ಟ ಹೆಸರಿನವನ ತಲೆಗೆ ಯಾರು ಏನನ್ನು ಬೇಕಾದರೂ ಕಟ್ಟಬಹುದು. ನಾನು ಮಾತಿನ ಜಾಡು ಮಾತ್ರ ನೋಡುತ್ತೇನೆ: ಯಾವ ದಿನ, ಯಾವ ಊರು, ಯಾರ ಮುಂದೆ, ಬರೆದುಕೊಂಡವರು ಯಾರು, ಅದು ಮೊದಲು ಅಚ್ಚಾಗಿದ್ದು ಯಾವಾಗ.

ಪಾರ್ಲಿಮೆಂಟಿನ ಮಾತಾದರೆ ಕೆಲಸ ಸುಲಭ. ಹ್ಯಾನ್ಸಾರ್ಡ್ ಎಂಬ ಅಧಿಕೃತ ವರದಿಯಿದೆ, ಹಳೆಯ ಸಂಪುಟಗಳನ್ನು ಕೂತಲ್ಲೇ ಬಿಟ್ಟಿ ಓದಬಹುದು. ಕನ್ನಡಕ್ಕೆ ಬಂದ ಸಾಲನ್ನು ತಿರುಗಿ ಇಂಗ್ಲಿಷಿಗೆ ಮಾಡಿ ಹುಡುಕಿದರೆ ಏನೂ ಸಿಗುವುದಿಲ್ಲ. ಭಾರತದ ಮೇಲೆ ಚರ್ಚೆ ನಡೆದ ದಿನಗಳನ್ನು ಹಿಡಿದು ಆತನ ಭಾಷಣವನ್ನೇ ಓದಬೇಕು. ಓದಿದರೆ ಪುಂಡರೂ ಇಲ್ಲ, ಗಾಳಿ-ನೀರಿನ ತೆರಿಗೆಯೂ ಇಲ್ಲ. ಆದರೆ 1947ರ ಮಾರ್ಚ್ 6ರ ಭಾಷಣದಲ್ಲಿ ಬೇರೊಂದು ಮಾತು ಸಿಕ್ಕಿತು. ಈ ‘ರಾಜಕೀಯ ವರ್ಗ’ ಅನ್ನಿಸಿಕೊಂಡವರ ಕೈಗೆ ಭಾರತದ ಸರ್ಕಾರವನ್ನು ಕೊಡುವುದೆಂದರೆ ಹುಲ್ಲುಗೊಂಬೆಗಳ ಕೈಗೆ ಕೊಟ್ಟಂತೆ, ಕೆಲವೇ ವರ್ಷಗಳಲ್ಲಿ ಇವರ ಗುರುತೂ ಉಳಿಯುವುದಿಲ್ಲ ಎಂದಿದ್ದಾನೆ. ಸುಳ್ಳು ಉಲ್ಲೇಖ ಬರಿಗಾಳಿಯಲ್ಲಿ ಹುಟ್ಟುವುದು ಕಡಿಮೆ, ಒಳಗೆ ಇಂಥ ಒಂದು ಬೀಜ ಇದ್ದೇ ಇರುತ್ತದೆ. ಮೇಷ್ಟ್ರ ಪತ್ರದಲ್ಲಿ ಆ ಅಸಲಿ ಸಾಲನ್ನೇ ತಾರೀಖಿನ ಸಮೇತ ಹಾಕಿದೆ.

ಎರಡನೆಯದು, ಚರ್ಚಿಲ್ ಗಾಂಧೀಜಿಯನ್ನು ‘ಅರೆಬೆತ್ತಲೆ ಫಕೀರ’ ಎಂದು ಕರೆದ ಎಂಬುದು. ಇದು ನಿಜ, ಆದರೆ ಹಿಂಡಿ ಸಣ್ಣದಾಗಿದೆ. 1931ರ ಫೆಬ್ರುವರಿ 23ರಂದು ಎಪ್ಪಿಂಗ್‌ನಲ್ಲಿ ತನ್ನ ಪಕ್ಷದವರ ಸಭೆಯಲ್ಲಿ ಚರ್ಚಿಲ್ ಆಡಿದ್ದು ಉದ್ದನೆಯ ವಾಕ್ಯ. ಮಿಡಲ್ ಟೆಂಪಲ್‌ನ (ಲಂಡನ್ನಿನ ವಕೀಲರ ಸಂಘಗಳಲ್ಲೊಂದು) ರಾಜದ್ರೋಹಿ ವಕೀಲ ಗಾಂಧಿ ಫಕೀರನ ವೇಷ ಹಾಕಿಕೊಂಡು ಅರೆಬೆತ್ತಲೆಯಾಗಿ ವೈಸ್‌ರಾಯ್ ಅರಮನೆಯ ಮೆಟ್ಟಿಲು ಹತ್ತುವುದನ್ನು ನೋಡಿದರೆ ಆತಂಕವಾಗುತ್ತದೆ, ಹೇಸಿಗೆಯಾಗುತ್ತದೆ ಎಂದು ಅದರ ತಾತ್ಪರ್ಯ. ಗಾಂಧೀಜಿ ವಕೀಲರಾಗಿದ್ದು ಅಂಥದೇ ಇನ್ನೊಂದು ಸಂಘವಾದ ಇನ್ನರ್ ಟೆಂಪಲ್‌ನಿಂದ, ಮಿಡಲ್‌ನಿಂದಲ್ಲ. ಅಸಲಿ ಮಾತಿನಲ್ಲಿ ಇಂಥ ತಪ್ಪು ಹಾಗೇ ಉಳಿದಿರುತ್ತದೆ. ಕೈಯಿಂದ ಕೈಗೆ ಸಾಗಿ ಬಂದ ಉಲ್ಲೇಖ ಮಾತ್ರ ಉಜ್ಜಿ ಉಜ್ಜಿ ಗೋಲಿಯಂತೆ ನುಣುಪಾಗಿರುತ್ತದೆ.

ನಿಜವಾಗಿ ತಲೆ ಕೆಡಿಸುವುದು ಮೂರನೆಯದು. ‘ನನಗೆ ಭಾರತೀಯರನ್ನು ಕಂಡರೆ ದ್ವೇಷ, ಮೃಗಗಳಂಥ ಜನ, ಅಂಥದೇ ಧರ್ಮ’ ಎಂಬ ಮಾತು. ಇದು ಯಾವ ಭಾಷಣದಲ್ಲೂ ಇಲ್ಲ. ಇರುವುದು ಲಿಯೋ ಆಮೆರಿಯ ದಿನಚರಿಯಲ್ಲಿ, 1942ರ ಸೆಪ್ಟೆಂಬರ್‌ನ ಪುಟದಲ್ಲಿ. ಆಮೆರಿ ಆಗ ಚರ್ಚಿಲ್ ಸರ್ಕಾರದಲ್ಲಿ ಭಾರತ ವ್ಯವಹಾರಗಳ ಮಂತ್ರಿ, ಹ್ಯಾರೋ ಶಾಲೆಯ ಕಾಲದಿಂದಲೂ ಚರ್ಚಿಲ್‌ನನ್ನು ಬಲ್ಲವನು. ದಿನಚರಿ ಅಚ್ಚಾಗಿದ್ದು 1988ರಲ್ಲಿ. ಕೇಳಿಸಿಕೊಂಡವನು ಒಬ್ಬನೇ, ಭಾರತದ ವಿಷಯದಲ್ಲಿ ಚರ್ಚಿಲ್ ಜೊತೆ ಜಗಳವಾಡುತ್ತಿದ್ದವನು. ಅಷ್ಟರಿಂದಲೇ ತಳ್ಳಿಹಾಕಬೇಕೇ? ನನಗೆ ಹಾಗನ್ನಿಸುವುದಿಲ್ಲ. ಎದುರಿಗಿದ್ದವನು ಆಗಲೇ ಬರೆದಿಟ್ಟದ್ದು, ಅದೂ ಪ್ರಚಾರಕ್ಕೆಂದು ಕೊಟ್ಟದ್ದಲ್ಲ, ತನ್ನ ಪುಸ್ತಕದಲ್ಲಿ ಬರೆದುಕೊಂಡದ್ದು. ನಂಬಬಹುದಾದ ಸಾಕ್ಷಿಯೇ, ಆದರೂ ಒಂದೇ ಸಾಕ್ಷಿ. ಹಾಗಾಗಿ ಪುಟದಲ್ಲಿ ‘ಚರ್ಚಿಲ್ ಹೇಳಿದ’ ಎಂದು ಬಿಡುವುದಿಲ್ಲ, ‘ಚರ್ಚಿಲ್ ತನ್ನೆದುರು ಹೀಗೆಂದ ಎಂದು ಆಮೆರಿ ದಿನಚರಿಯಲ್ಲಿ ಬರೆದಿದ್ದಾನೆ’ ಎಂದು ಮಾಡುತ್ತೇನೆ. ಅರ್ಧ ಸಾಲು ಜಾಸ್ತಿ ಹಿಡಿಯುತ್ತದೆ, ಪುಟ ಕಟ್ಟುವ ಹುಡುಗರು ಗೊಣಗುತ್ತಾರೆ, ಗೊಣಗಲಿ.

ನಾಲ್ಕನೆಯದು ಬಂಗಾಳದ ಬರಗಾಲದ್ದು. ಹಸಿವಿನಿಂದ ಸಾಯುತ್ತಿರುವವರಿಗೆ ಧಾನ್ಯ ಕಳಿಸಿ ಎಂದು ಕೇಳಿದರೆ ‘ಹಾಗಾದರೆ ಗಾಂಧಿ ಯಾಕೆ ಇನ್ನೂ ಸತ್ತಿಲ್ಲ?’ ಎಂದು ಚರ್ಚಿಲ್ ಉತ್ತರ ಕೊಟ್ಟನಂತೆ. ಮೂಲ ವೈಸ್‌ರಾಯ್ ವೇವೆಲ್‌ನ ದಿನಚರಿ, 1944ರ ಜುಲೈ. ಗಾಂಧಿ ಯಾಕಿನ್ನೂ ಸತ್ತಿಲ್ಲ ಎಂದು ಚರ್ಚಿಲ್‌ನಿಂದ ಸಿಡುಕಿನ ತಂತಿ ಬಂದದ್ದನ್ನು ವೇವೆಲ್ ಬರೆದಿದ್ದಾನೆ. ಬೆನ್ನಿಗೇ, ಆಹಾರದ ಬಗ್ಗೆ ನಾನು ಕಳಿಸಿದ ತಂತಿಗೆ ಉತ್ತರವೇ ಬಂದಿಲ್ಲ ಎಂದೂ ಬರೆದಿದ್ದಾನೆ. ಮೇ ತಿಂಗಳಲ್ಲಷ್ಟೇ ಗಾಂಧೀಜಿಯನ್ನು ಅನಾರೋಗ್ಯದ ಕಾರಣಕ್ಕೆ ಸೆರೆಯಿಂದ ಬಿಟ್ಟಿದ್ದರು. ಅಕ್ಕಪಕ್ಕದ ಎರಡು ವಾಕ್ಯಗಳನ್ನು ಹೊಲಿದು ಯಾರೋ ಪ್ರಶ್ನೋತ್ತರ ಮಾಡಿಬಿಟ್ಟಿದ್ದಾರೆ. ಇದ್ದದ್ದನ್ನು ಇದ್ದಂತೆ ಹಾಕಿದರೂ ಚರ್ಚಿಲ್‌ಗೆ ಅದೇನು ಗೌರವ ತರುವುದಿಲ್ಲ.

ಉಳಿದ ಗಿರಾಕಿಗಳು ಇಷ್ಟು ಹೊತ್ತು ಹಿಡಿಯುವುದಿಲ್ಲ. ‘ಭಾರತದ ಉದ್ದಗಲ ತಿರುಗಿದೆ, ಒಬ್ಬ ಭಿಕ್ಷುಕನೂ ಒಬ್ಬ ಕಳ್ಳನೂ ಕಾಣಲಿಲ್ಲ’ ಎಂದು ಮೆಕಾಲೆ 1835ರ ಫೆಬ್ರುವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಹೇಳಿದ ಎಂಬುದು ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿ ಕಾಯಂ. ಈ ಬ್ರಿಟಿಷ್ ಅಧಿಕಾರಿ ಮೆಕಾಲೆ ಆ ವರ್ಷ ಇದ್ದದ್ದು ಭಾರತದಲ್ಲಿ. ಹಿಂದಿನ ವರ್ಷ ಮದ್ರಾಸಿನಲ್ಲಿ ಇಳಿದು, ಬೆಂಗಳೂರು, ಶ್ರೀರಂಗಪಟ್ಟಣದ ಮೇಲೆ ಹಾದು ಊಟಿಗೆ ಹೋದವನು. ಆ ತಾರೀಖಿನಲ್ಲಿ ಆತ ಬರೆದದ್ದು ಶಿಕ್ಷಣದ ಟಿಪ್ಪಣಿ. ಯುರೋಪಿನ ಒಳ್ಳೆಯ ಗ್ರಂಥಾಲಯದ ಒಂದೇ ಕಪಾಟು ಭಾರತ ಮತ್ತು ಅರೇಬಿಯಾದ ಇಡೀ ಸಾಹಿತ್ಯಕ್ಕೆ ಸಮ ಎಂಬ ಮಾತು ಅದರಲ್ಲಿದೆ. ಬೈಯಲು ಅದು ಸಾಲದೇ?

‘ನೂರು ಸಲ ಹೇಳಿದ ಸುಳ್ಳು ಸತ್ಯವಾಗುತ್ತದೆ’ ಎಂಬ, ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಹೆಸರಿನ ಸೂತ್ರಕ್ಕೂ ಬುಡವಿಲ್ಲ. 1941ರ ಒಂದು ಲೇಖನದಲ್ಲಿ ಆತ, ದೊಡ್ಡ ಸುಳ್ಳು ಹೇಳಿ ಅದಕ್ಕೇ ಅಂಟಿಕೊಳ್ಳುತ್ತಾರೆ ಎಂದು ದೂರಿದ್ದು ಇಂಗ್ಲಿಷರನ್ನು. ‘ಮೊದಲು ಕಡೆಗಣಿಸುತ್ತಾರೆ, ಆಮೇಲೆ ನಗುತ್ತಾರೆ, ಆಮೇಲೆ ಜಗಳಕ್ಕೆ ಬರುತ್ತಾರೆ, ಕೊನೆಗೆ ನೀವು ಗೆಲ್ಲುತ್ತೀರಿ’ ಎಂಬ, ಗಾಂಧೀಜಿಯವರದೆಂದು ಓಡಾಡುವ ಮಾತು ಅವರ ಸಮಗ್ರ ಬರಹಗಳ ನೂರು ಸಂಪುಟಗಳಲ್ಲಿ ಇಲ್ಲ. ಅದಕ್ಕೆ ತೀರ ಹತ್ತಿರದ ಮಾತು 1918ರಲ್ಲಿ ಅಮೆರಿಕದ ಬಟ್ಟೆ ಕಾರ್ಮಿಕರ ಸಂಘದ ಸಮಾವೇಶದಲ್ಲಿ ನಿಕೋಲಸ್ ಕ್ಲೈನ್ ಆಡಿದ್ದು. ಹತ್ತಿ ಮಿಲ್ಲುಗಳ ಸೈರನ್ ಕೇಳಿ ಬೆಳೆದ ಈ ಊರಿನಲ್ಲಿ ಅದು ಕ್ಲೈನ್ ಹೆಸರಲ್ಲೇ ಅಚ್ಚಾದರೆ ನನಗಂತೂ ಖುಷಿ. ಇನ್ನು ನೆಹರೂ ತಮ್ಮನ್ನು ‘ಆಕಸ್ಮಿಕವಾಗಿ ಹಿಂದೂ’ ಎಂದುಕೊಂಡರು ಎಂಬ ಸಾಲು 1936ರ ಅವರ ಆತ್ಮಕಥೆಯಲ್ಲಿದೆ ಎನ್ನುತ್ತಾರೆ, ಅಲ್ಲಿಲ್ಲ. ಅದರ ಜಾಡು ಹೋಗಿ ನಿಲ್ಲುವುದು ಅವರ ವಿರೋಧಿ, ಹಿಂದೂ ಮಹಾಸಭಾದ ಎನ್.ಬಿ. ಖರೆಯವರ ಹತ್ತಿರ.

ಅಸಲಿ ಮಾತೇ ಹೆಚ್ಚು ಕಷ್ಟ ಕೊಡುವುದೂ ಉಂಟು. ‘ಸಂವಿಧಾನವನ್ನು ಸುಡುವವರಲ್ಲಿ ನಾನೇ ಮೊದಲಿಗ’ ಎಂದು ಅಂಬೇಡ್ಕರ್ 1953ರ ಸೆಪ್ಟೆಂಬರ್ 2ರಂದು ರಾಜ್ಯಸಭೆಯಲ್ಲಿ ಹೇಳಿದ್ದು ದಾಖಲೆಯಲ್ಲಿದೆ. ಅದೇ ಭಾಷಣದಲ್ಲಿ ಮುಂದಕ್ಕೆ, ಅಲ್ಪಸಂಖ್ಯಾತರಿಗೆ ಗಾಸಿ ಮಾಡುವುದೇ ದೊಡ್ಡ ಹಾನಿ ಎಂದಿದ್ದಾರೆ. 1955ರ ಮಾರ್ಚ್‌ನಲ್ಲಿ ಕಾರಣವನ್ನೂ ಬಿಡಿಸಿ ಹೇಳಿದರು: ದೇವರಿಗೆಂದು ಗುಡಿ ಕಟ್ಟಿದೆವು, ದೇವರು ಬರುವ ಮೊದಲೇ ದೆವ್ವ ಬಂದು ಕೂತರೆ ಗುಡಿ ಕೆಡವದೆ ಇನ್ನೇನು ಮಾಡುವುದು? ಈ ಉಲ್ಲೇಖ ಇರುವ ಲೇಖನ ಬಂದರೆ ನಾನು ಬರೆದವರಿಗೆ ಫೋನ್ ಮಾಡುತ್ತೇನೆ. ಮೂರೂ ಹಾಕೋಣ, ಇಲ್ಲವಾದರೆ ಒಂದೂ ಬೇಡ ಅನ್ನುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಲೇಖನ ವಾಪಸ್ ಪಡೆದು ಬೇರೆ ಪತ್ರಿಕೆಗೆ ಕೊಡುತ್ತಾರೆ.