ಜವೆಗೋಧಿ ಹುರಿದ ಮೇಲೆ ಸ್ಟೌಟ್ ರುಚಿ ಹತ್ತಿತು

ಮೊದಲ ಸಲ ಸ್ಟೌಟ್ ಅನ್ನುವ ಕಪ್ಪು ಬಿಯರ್ ಕುಡಿದಾಗ ನನಗೆ ಸಿಕ್ಕಿದ್ದು ಬರೀ ಕಹಿ. ಬೆಂಗಳೂರಿನ ಒಂದು ಸಣ್ಣ ಬ್ರೂವರಿಯಲ್ಲಿ ಕೂತಿದ್ದೆ. ಬಾಯಾರಿತ್ತು. ತಣ್ಣಗೆ ಬಂದ ಗ್ಲಾಸನ್ನು ಗಟಗಟ ಅರ್ಧ ಕುಡಿದೆ. ನನ್ನ ಮುಖ ನೋಡಿ ಬಿಯರ್ ಕೊಟ್ಟ ಹುಡುಗ, 'ಸ್ವಲ್ಪ ಹೊತ್ತು ಹಾಗೇ ಇಡಿ ಸರ್' ಅಂದ. ಒಳಗೆ ಹೋಗಿ ಒಂದು ಹಿಡಿ ಕಪ್ಪು ಕಾಳು ತಂದು ಕೈಗೆ ಹಾಕಿದ. ಅಗಿದು ನೋಡಿದೆ. ಹುರಿದ ಜವೆಗೋಧಿ, ಅಂದರೆ ಬಾರ್ಲಿ. ಆ ರುಚಿ ಎಲ್ಲೋ ಗೊತ್ತಿದ್ದ ರುಚಿ ಅನ್ನಿಸಿತು. ಉಳಿದ ಅರ್ಧ ಗ್ಲಾಸನ್ನು ನಿಧಾನಕ್ಕೆ ಕುಡಿದೆ.

ದಾವಣಗೆರೆಗೆ ವಾಪಸ್ ಬಂದ ಮೇಲೂ ಅದು ತಲೆಯಲ್ಲೇ ಇತ್ತು. ಭಾನುವಾರ ಕಾಲು ಕೆಜಿ ಜವೆಗೋಧಿ ತಂದು ಬಾಣಲೆಗೆ ಹಾಕಿದೆ. ಸಣ್ಣ ಉರಿ, ಕೈ ಬಿಡದೆ ಆಡಿಸಬೇಕು. ಮೊದಲು ಬಂದದ್ದು ಬಿಸಿ ರೊಟ್ಟಿಯ ವಾಸನೆ. ಆಮೇಲೆ ಬಿಸ್ಕತ್ತಿನದು. ಕಾಳು ಕಂದು ಬಣ್ಣಕ್ಕೆ ತಿರುಗಿದಾಗ ಹುರಿಹಿಟ್ಟಿನ ಘಮ ಮನೆಯೆಲ್ಲ ತುಂಬಿತು. ಅವ್ವ ಒಳಗಿನ ಕೋಣೆಯಿಂದಲೇ ಕೂಗಿದಳು: 'ಕಾಫಿ ಬೀಜ ಹುರಿದಂಗೆ ವಾಸನೆ ಬಂತು, ಇಳಿಸಪ್ಪಾ ಇನ್ನ!' ನಾನು ಇನ್ನೊಂದೆರಡು ನಿಮಿಷ ಬಿಟ್ಟೆ. ಹೊಗೆ ಎದ್ದು ಕಾಳು ಇದ್ದಿಲಾಯಿತು. ಅವ್ವ ಹೇಳಿದ ಹೊತ್ತೇ ಸರಿಯಾದ ಹೊತ್ತು. ಎರಡನೇ ಸಲ ಅವಳನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ಹುರಿದೆ.

ಕಪ್ಪು ಬಿಯರಿನ ಗುಟ್ಟು ಇಷ್ಟೇ. ಅದರಲ್ಲಿ ಕಾಫಿ, ಚಾಕಲೇಟ್ ಹಾಕಿರಲೇಬೇಕು ಅಂತೇನಿಲ್ಲ, ಆ ವಾಸನೆ ಹುರಿದ ಕಾಳಿನಿಂದಲೇ ಬರುತ್ತದೆ. ಹೆಚ್ಚಿನ ಪಾಲು ತಿಳಿ ಬಣ್ಣದ ಮಾಲ್ಟ್. ನಾವು ರಾಗಿ ಮಾಲ್ಟ್‌ಗೆ ರಾಗಿ ನೆನೆಸಿ, ಮೊಳಕೆ ಕಟ್ಟಿ ಒಣಗಿಸುತ್ತೇವಲ್ವಾ, ಬಾರ್ಲಿಗೂ ಹಾಗೇ ಮಾಡುತ್ತಾರೆ. ಕಪ್ಪಗೆ ಹುರಿದ ಕಾಳು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿನಷ್ಟೇ. ಅಷ್ಟಕ್ಕೇ ಇಡೀ ಬಿಯರ್ ಕಪ್ಪಾಗುತ್ತದೆ. ಸ್ಟೌಟಿಗೆ ಮೂಲವಾದ ಲಂಡನ್ನಿನ ಪೋರ್ಟರ್ ಬಿಯರ್ ಹೀಗೆ ಕಪ್ಪಗೆ ಹುರಿಯುವ ಯಂತ್ರಕ್ಕಿಂತಲೂ ಹಳೆಯದು. ಆದರೆ ಕಾಳನ್ನು ಇದ್ದಿಲಾಗಿಸದೆ ಅಷ್ಟು ಕಪ್ಪಗೆ ಹುರಿಯುವ ತಿರುಗುವ ಡ್ರಮ್ಮಿಗೆ ಡೇನಿಯಲ್ ವೀಲರ್ ಪೇಟೆಂಟ್ ಪಡೆದದ್ದು 1817ರಲ್ಲಿ. ಬಾಣಲೆ ಹಿಡಿದು ನಿಂತ ಮೇಲೆ ಆ ಡ್ರಮ್ ಯಾಕೆ ಬೇಕಿತ್ತು ಅಂತ ನನಗೆ ಚೆನ್ನಾಗಿ ಅರ್ಥವಾಯಿತು.

ಕಪ್ಪಗಿದ್ದರೆ ಕಿಕ್ ಜಾಸ್ತಿ ಅನ್ನುವ ಸ್ನೇಹಿತರು ನನಗೂ ಇದ್ದಾರೆ. ಹಾಗೇನಿಲ್ಲ. ಐರ್ಲೆಂಡಿನ ಹೆಸರಾಂತ ಸ್ಟೌಟ್ ಆದ ಗಿನ್ನೆಸ್ ಡ್ರಾಟ್‌ನಲ್ಲಿ ಆಲ್ಕೋಹಾಲ್ ಶೇ. 4.2 ಮಾತ್ರ. ನಮ್ಮಲ್ಲಿ ಸ್ಟ್ರಾಂಗ್ ಅಂತ ಮಾರುವ ಹೊಂಬಣ್ಣದ ಬಿಯರಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ.

ಈಗ ಬೆಂಗಳೂರಿಗೆ ಹೋದಾಗ ಸಣ್ಣ ಕಂಪನಿಗಳ ಸ್ಟೌಟ್ ಒಂದೆರಡು ಬಾಟಲಿ ತರುತ್ತೇನೆ. ಕುಡಿಯುವ ಇಪ್ಪತ್ತು ನಿಮಿಷ ಮೊದಲೇ ಫ್ರಿಜ್‌ನಿಂದ ಹೊರಗಿಡುತ್ತೇನೆ. ನಮ್ಮೂರ ಬೇಸಿಗೆಯಲ್ಲಿ ಹತ್ತೇ ನಿಮಿಷ ಸಾಕು. 10ರಿಂದ 12 ಡಿಗ್ರಿಗೆ ಬಂದಾಗ ವಾಸನೆ ಬಿಚ್ಚಿಕೊಳ್ಳುತ್ತದೆ. ತೀರಾ ತಣ್ಣಗಿದ್ದರೆ ನಾಲಿಗೆ ಮರಗಟ್ಟಿ ಕಹಿಯೊಂದೇ ಉಳಿಯುತ್ತದೆ. ಬಾಟಲಿಯಿಂದಲೇ ಕುಡಿಯಬೇಡಿ, ಮೂಗಿಗೆ ಏನೂ ಸಿಗುವುದಿಲ್ಲ. ಬಾಯಿ ಕಿರಿದಾದ ಗ್ಲಾಸಿಗೆ ಅರ್ಧ ಬಗ್ಗಿಸಿ, ನೊರೆ ಕೂತ ಮೇಲೆ ಮೊದಲು ಮೂಸಿ ನೋಡಿ.

ಜೊತೆಗೆ ಏನು? ನಮ್ಮೂರಲ್ಲಿ ಇನ್ನೇನು, ಮಂಡಕ್ಕಿ ಮೆಣಸಿನಕಾಯಿ. ಆದರೆ ಮೆಣಸಿನಕಾಯಿ ಸ್ಟೌಟಿಗೆ ಒಗ್ಗಲಿಲ್ಲ. ಖಾರ, ಕಹಿ, ಗುಳ್ಳೆ ಮೂರೂ ಸೇರಿ ಬಾಯಿ ಉರಿಯುತ್ತದೆ. ಅದಕ್ಕೆ ಜರ್ಮನಿಯ ಮ್ಯೂನಿಕ್ ಕಡೆಯ ಡುಂಕೆಲ್ ಬಿಯರ್ ಸರಿ, ಕಂದು ಬಣ್ಣದ್ದು, ಕಹಿ ಕಡಿಮೆ, ಸ್ವಲ್ಪ ಸಿಹಿ. ಸ್ಟೌಟಿಗೆ ಖಾರ ಕಡಿಮೆ ಮಾಡಿ, ಹುರಿಗಡಲೆ ಪುಡಿ ಜಾಸ್ತಿ ಹಾಕಿ ಕಲಸಿದ ಮಂಡಕ್ಕಿ ಇರಬೇಕು. ಹುರಿದದ್ದಕ್ಕೆ ಹುರಿದದ್ದೇ ಜೋಡಿ. ಬೆಣ್ಣೆ ದೋಸೆಯನ್ನೂ ಒಮ್ಮೆ ಪಾರ್ಸೆಲ್ ತಂದು ನೋಡಿದೆ. ಬೆಣ್ಣೆ ನಾಲಿಗೆಗೆ ಸವರಿಕೊಂಡ ಮೇಲೆ ಒಂದು ಗುಟುಕು ಸ್ಟೌಟ್ ಕುಡಿದರೆ ಕಹಿ ಮೆತ್ತಗಾಗಿ ಚಾಕಲೇಟ್ ಮುಂದೆ ಬರುತ್ತದೆ. ಆದರೆ ದೋಸೆ ಬಿಸಿ ಇರಲೇಬೇಕು, ಆರಿದ ದೋಸೆಯಲ್ಲಿ ಆ ಸುಖವಿಲ್ಲ.

ಅವ್ವ ನಿಂತು ಹುರಿಸಿದ ಆ ಜವೆಗೋಧಿ ಇನ್ನೂ ಒಂದು ಡಬ್ಬಿಯಲ್ಲಿದೆ. ಸ್ನೇಹಿತರು ಬಂದರೆ ಮೊದಲು ಅವರ ಕೈಗೆ ನಾಲ್ಕು ಕಾಳು ಕೊಡುತ್ತೇನೆ. ಅವರು ಅಗಿಯುವಷ್ಟರಲ್ಲಿ ಬಾಟಲಿಯ ಚಳಿಯೂ ಇಳಿದಿರುತ್ತದೆ.