560001 ಎಂಬ ಸಂಖ್ಯೆಯನ್ನು ಬಿಡಿಸುವುದು ಹೇಗೆ?

ವಿಧಾನಸೌಧದ ಸಮೀಪದಲ್ಲಿರುವ ಜನರಲ್ ಪೋಸ್ಟ್ ಆಫೀಸಿನ ಪಿನ್‌ಕೋಡ್ 560001. ಪಿನ್‌ಕೋಡ್ ವ್ಯವಸ್ಥೆ ದೇಶದಲ್ಲಿ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಮೊದಲ ಮೂರು ಅಂಕಿಗಳಾದ 560 ಬೆಂಗಳೂರನ್ನೂ ಕೊನೆಯ ಮೂರು ಅಂಕಿಗಳು ಆಯಾ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ವಿಳಾಸವೆಂಬುದನ್ನು ಸದ್ಯಕ್ಕೆ ಮರೆತು ಇದನ್ನು ಬರೀ ಸಂಖ್ಯೆಯೆಂದು ನೋಡಿ, ಅದರ ಅವಿಭಾಜ್ಯ ಅಪವರ್ತನಗಳನ್ನು ಕಾಗದ, ಪೆನ್ಸಿಲ್ಲಿನಲ್ಲೇ ಕಂಡುಹಿಡಿಯೋಣ.

ಮೊದಲು ಯಾವ ಸಂಖ್ಯೆಯವರೆಗೆ ಭಾಗಿಸಿ ನೋಡಬೇಕೆಂಬ ಮಿತಿಯನ್ನು ಗೊತ್ತುಮಾಡಿಕೊಳ್ಳಬೇಕು. ವರ್ಗಮೂಲವೇ ಆ ಮಿತಿ, ಏಕೆಂದರೆ ಒಂದು ಸಂಖ್ಯೆಯನ್ನು ಎರಡರ ಗುಣಲಬ್ಧವಾಗಿ ಬರೆದರೆ ಅವುಗಳಲ್ಲಿ ಒಂದಾದರೂ ವರ್ಗಮೂಲವನ್ನು ಮೀರುವುದಿಲ್ಲ. 560001ರ ವರ್ಗಮೂಲ 748ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗೆ 132 ಅವಿಭಾಜ್ಯ ಸಂಖ್ಯೆಗಳಿವೆಯೆಂದು ಕೇಳಿ ಗಾಬರಿಯಾಗಬೇಕಿಲ್ಲ. ಒಂದೊಂದು ಭಾಜಕ ಸಿಕ್ಕಂತೆಯೂ ಈ ಮಿತಿ ಕುಗ್ಗುತ್ತದೆ.

2 ಮತ್ತು 5 ಇಲ್ಲಿ ಸಲ್ಲವೆಂಬುದು ಕೊನೆಯ ಅಂಕಿಯಿಂದಲೇ ತಿಳಿಯುತ್ತದೆ. ಅಂಕಿಗಳ ಮೊತ್ತ 12 ಆದ್ದರಿಂದ 3ರಿಂದ ಭಾಗ ಹೋಗುತ್ತದೆ, 9ರಿಂದ ಹೋಗುವುದಿಲ್ಲ.

ಮುಂದಿನದು ನನಗೆ ಬಹಳ ಇಷ್ಟವಾದ ಹಂತ. 7, 11, 13ನ್ನು ಗುಣಿಸಿದರೆ 1001 ಬರುತ್ತದೆ. 560001 ಎಂದರೆ 560 × 1001ರಲ್ಲಿ 559 ಕಡಿಮೆ. ಹೀಗಾಗಿ ಈ ಮೂರರಲ್ಲಿ ಯಾವುದು 559ನ್ನು ಶೇಷವಿಲ್ಲದೆ ಭಾಗಿಸುತ್ತದೋ ಅದೇ ಇಡೀ ಸಂಖ್ಯೆಯನ್ನೂ ಭಾಗಿಸುತ್ತದೆ. 559 = 13 × 43 ಆದ್ದರಿಂದ 13 ಸಲ್ಲುತ್ತದೆ, 7 ಮತ್ತು 11 ಸಲ್ಲುವುದಿಲ್ಲ. ಹಾಗೆಂದು 43ನ್ನೂ ಭಾಜಕವೆಂದು ಬರೆದುಕೊಂಡರೆ ತಪ್ಪಾಗುತ್ತದೆ, ಏಕೆಂದರೆ 1001ರಲ್ಲಿ 43 ಇಲ್ಲ. ಬೆಂಗಳೂರಿನ ಯಾವ ಪಿನ್‌ಕೋಡಿಗೂ ಇದೇ ಉಪಾಯ ಸಾಕು: 560ರಿಂದ ಕೊನೆಯ ಮೂರು ಅಂಕಿಗಳನ್ನು ಕಳೆಯಿರಿ. ರಾಜಾಜಿನಗರದ 560010ಕ್ಕೆ 550 ಉಳಿಯುತ್ತದೆ, ಅಂದರೆ ಅದು 11ರ ಗುಣಕ.

3 ಮತ್ತು 13ನ್ನು ತೆಗೆದರೆ ಉಳಿಯುವುದು 14359. ಇದನ್ನು 13ರಿಂದ ಮತ್ತೊಮ್ಮೆ ಭಾಗಿಸಿದರೆ 7 ಶೇಷ ಉಳಿಯುತ್ತದೆ. ಇದರ ವರ್ಗಮೂಲ 120ಕ್ಕಿಂತ ಕಡಿಮೆಯಾದ್ದರಿಂದ ಇನ್ನು 17ರಿಂದ 113ರವರೆಗಿನ ಅವಿಭಾಜ್ಯಗಳನ್ನು ಮಾತ್ರ ನೋಡಿದರೆ ಸಾಕು. ಇಲ್ಲಿ ಯಾವ ಜಾಣತನವೂ ನಡೆಯದು, ಒಂದೊಂದಾಗಿ ಭಾಗಿಸಲೇಬೇಕು, 79ರವರೆಗೂ ಬರಿಗೈ. 83ರಲ್ಲಿ ಶೇಷ ಸೊನ್ನೆಯಾಗಿ 173 ಭಾಗಲಬ್ಧ ಬರುತ್ತದೆ. 173ರ ವರ್ಗಮೂಲ 14ನ್ನೂ ಮುಟ್ಟದು, ಅಷ್ಟರೊಳಗಿನ ಅವಿಭಾಜ್ಯಗಳನ್ನೆಲ್ಲ ಆಗಲೇ ಪರೀಕ್ಷಿಸಿದ್ದೇವೆ. ಆದ್ದರಿಂದ ಅದೂ ಅವಿಭಾಜ್ಯವೇ.

560001 = 3 × 13 × 83 × 173.

ಯಾವ ಅವಿಭಾಜ್ಯವೂ ಎರಡು ಬಾರಿ ಬಂದಿಲ್ಲವಾದ್ದರಿಂದ ಮುಂದಿನ ಲೆಕ್ಕ ಸುಲಭ. ಒಂದೊಂದನ್ನೂ ಸೇರಿಸಿಕೊಳ್ಳಬಹುದು ಅಥವಾ ಬಿಡಬಹುದು. ಹೀಗೆ ಒಟ್ಟು ಭಾಜಕಗಳು 2 × 2 × 2 × 2, ಅಂದರೆ 16. ಒಂದೊಂದು ಅವಿಭಾಜ್ಯಕ್ಕೂ 1 ಕೂಡಿಸಿ ಗುಣಿಸಿದರೆ ಭಾಜಕಗಳ ಮೊತ್ತ ಸಿಗುತ್ತದೆ: 4 × 14 × 84 × 174 = 818496. ಅದರಿಂದ ಮೂಲ ಸಂಖ್ಯೆಯನ್ನು ಕಳೆದರೆ 258495. ಇದು 560001ಕ್ಕಿಂತ ಕಡಿಮೆಯಿರುವುದರಿಂದ ಜಿಪಿಓದ ಪಿನ್‌ಕೋಡ್ ಗಣಿತದ ಭಾಷೆಯಲ್ಲಿ ಒಂದು ನ್ಯೂನ ಸಂಖ್ಯೆ.