ಬಿಸಿಲಿದ್ದರೂ ಬಿಸಿನೀರಿಲ್ಲವೇ? ಸೋಲಾರ್ ಪೈಪ್ ಲೈನ್ ಹೀಗೆ ಪರೀಕ್ಷಿಸಿ

ಬಳ್ಳಾರಿಯಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ ಬೆಳಿಗ್ಗೆ ಸೋಲಾರ್ ಹೀಟರಿನ ನಳ ತಿರುಗಿಸಿದರೆ ತಣ್ಣೀರೇ ಬರುತ್ತದೆ ಅನ್ನುವವರು ಜಾಸ್ತಿ. ಮೆಕ್ಯಾನಿಕ್ ಬರುತ್ತಾನೆ, ‘ಟ್ಯೂಬ್ (ಬಿಸಿಲಿಗೆ ನೀರು ಕಾಯಿಸುವ ಗಾಜಿನ ಕೊಳವೆ) ಹೋಗಿವೆ’ ಅನ್ನುತ್ತಾನೆ, ಹೊಸ ಟ್ಯೂಬ್ ಕೂರಿಸಿ ದುಡ್ಡು ಎಣಿಸಿಕೊಂಡು ಹೋಗುತ್ತಾನೆ. ಮರುದಿನವೂ ಅದೇ ತಣ್ಣೀರು. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಟ್ಯೂಬ್ ಗಟ್ಟಿಮುಟ್ಟಾಗಿಯೇ ಇದ್ದವು, ತೊಂದರೆ ಇದ್ದದ್ದು ಪೈಪಿನಲ್ಲಿ.

ಮೊದಲು ಸಂಜೆ 5ರ ಹೊತ್ತಿಗೆ ಮಾಳಿಗೆ ಹತ್ತಿ. ಕೆಳಗೆ ಒಬ್ಬರಿಗೆ ಬಿಸಿನೀರಿನ ನಳ ಬಿಡಲು ಹೇಳಿ, ಸೋಲಾರ್ ಟ್ಯಾಂಕಿನಿಂದ ಹೊರಡುವ ಪೈಪನ್ನು ಹುಷಾರಾಗಿ ಮುಟ್ಟಿ ನೋಡಿ. ಪೈಪ್ ಬರೀ ಉಗುರುಬೆಚ್ಚಗಿದ್ದರೆ ಟ್ಯೂಬ್ ಮೇಲೆ ಧೂಳು ಕೂತಿರಬೇಕು (ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು, ಗಿಣಿಗೇರಿ ಕಡೆ ಕಾರ್ಖಾನೆಯ ಕಪ್ಪು), ಇಲ್ಲವೇ ಬೋರ್ ನೀರಿನ ಬಿಳಿ ಪದರ ಒಳಗೆ ಕಟ್ಟಿರಬೇಕು. ಒರೆಸಿ, ಡ್ರೇನ್ ವಾಲ್ವ್ ಬಿಟ್ಟು ತೊಳೆಸಿ. ಬಾತ್‌ರೂಮ್ ಆ್ಯಸಿಡ್ ಮಾತ್ರ ಟ್ಯಾಂಕಿಗೆ ಸುರಿಯಬೇಡಿ, ಸ್ಟೀಲ್ ತೂತು ಬೀಳುತ್ತದೆ.

ನಳ ಗೊರಗೊರ ಅಂದು ನೀರು ಉಗುಳಿದರೆ ಗಾಳಿ ಸಿಕ್ಕಿಕೊಂಡಿದೆ. ಮಿಕ್ಸರ್ (ಬಿಸಿನೀರು, ತಣ್ಣೀರು ಬೆರೆಸುವ ನಳ) ಬಾಯಿಯನ್ನು ಅಂಗೈಯಿಂದ ಒತ್ತಿ ಮುಚ್ಚಿ, ಬಿಸಿ ಮತ್ತು ತಣ್ಣೀರಿನ ಎರಡೂ ತಿರುಪು ಒಂದು ನಿಮಿಷ ತೆರೆದಿಡಿ. ತಣ್ಣೀರು ಹಿಂದಕ್ಕೆ ನುಗ್ಗಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಹಾಗೇ ಏರ್ ವೆಂಟ್ ಪೈಪ್, ಅಂದರೆ ಸೋಲಾರ್ ಟ್ಯಾಂಕಿಗೆ ಗಾಳಿ ಆಡಲು ಮೇಲಕ್ಕೆ ನಿಲ್ಲಿಸಿದ ಪೈಪ್ ನೋಡಿ. ಅದರ ತುದಿ ತಣ್ಣೀರಿನ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು. ಅದರಿಂದ ನೀರು ತೊಟ್ಟಿಕ್ಕುತ್ತದೆ ಅಂತ ಕೆಲವರು ಕ್ಯಾಪ್ ಹಾಕಿ ಬಿಗಿಯುತ್ತಾರೆ. ದಯವಿಟ್ಟು ಬೇಡ. ನೀರು ಖಾಲಿಯಾಗುವಾಗ ಗಾಳಿ ಒಳಗೆ ಬರದಿದ್ದರೆ ಸೋಲಾರ್ ಟ್ಯಾಂಕು ಹಿಂಡಿದ ಬಾಟಲಿಯ ಹಾಗೆ ಒಳಕ್ಕೆ ಕುಸಿಯುತ್ತದೆ.

ಮೇಲೆ ಪೈಪ್ ಸುಡುತ್ತಿದೆ, ಕೆಳಗೆ ನೀರು ತಣ್ಣಗಿದೆ ಅಂದರೆ? ಎಲ್ಲರೂ ಎಡವುವುದು ಇಲ್ಲೇ. ತಣ್ಣೀರು ಎಲ್ಲೋ ಕದ್ದು ಬಿಸಿನೀರಿನ ಲೈನಿಗೆ ಸೇರುತ್ತಿದೆ. ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ವಾಲ್ವ್ ಬಂದ್ ಮಾಡಿ, ಕೆಳಗೆ ಬಿಸಿನೀರು ಮಾತ್ರ ಬರುವ ಒಂದು ನಳ ಬಿಡಿ. ಟ್ಯಾಂಕಿನಲ್ಲಿ ನೀರು ಹೊರಡುವ ಪೈಪಿನ ಬಾಯಿಗಿಂತ ಕೆಳಗಿಳಿದು, ಪೈಪ್ ಖಾಲಿಯಾಗಿ, ಸ್ವಲ್ಪ ಹೊತ್ತಿಗೆ ಧಾರೆ ನಿಲ್ಲಬೇಕು. ನಿಲ್ಲದೆ ತಣ್ಣಗೆ ಬರುತ್ತಲೇ ಇದ್ದರೆ ಕಳ್ಳ ಸಿಕ್ಕ ಹಾಗೆ. ನಳ ಹಾಗೇ ಬಿಟ್ಟಿರಿ, ಒಂದೊಂದೇ ಬಾತ್‌ರೂಮಿಗೆ ಹೋಗಿ ಮಿಕ್ಸರಿನ ತಣ್ಣೀರಿನ ಆ್ಯಂಗಲ್ ಕಾಕ್ (ಗೋಡೆಯಲ್ಲಿರುವ ಚಿಕ್ಕ ವಾಲ್ವ್) ಬಂದ್ ಮಾಡುತ್ತಾ ಬನ್ನಿ. ಯಾವುದನ್ನು ಮುಚ್ಚಿದಾಗ ಧಾರೆ ನಿಂತಿತೋ ಅಲ್ಲಿದೆ ತೊಂದರೆ. ಮಿಕ್ಸರಿನ ಎರಡೂ ತಿರುಪು ತೆರೆದಿಟ್ಟು, ಹ್ಯಾಂಡ್ ಶವರಿನ ಗುಂಡಿಯಲ್ಲಿ ನೀರು ನಿಲ್ಲಿಸಿ ಹೋಗುವ ಅಭ್ಯಾಸ ಬಹಳ ಮನೆಗಳಲ್ಲಿದೆ, ಅಲ್ವಾ? ಅಲ್ಲಿ ಎರಡೂ ಲೈನ್ ಇಡೀ ರಾತ್ರಿ ಕೂಡಿಕೊಂಡಿರುತ್ತವೆ. ಇಲ್ಲದಿದ್ದರೆ ಒಂದೇ ಹಿಡಿಯ ಮಿಕ್ಸರಿನ ಕಾರ್ಟ್ರಿಡ್ಜ್ (ಒಳಗೆ ನೀರು ತಡೆಯುವ ಭಾಗ) ಸವೆದಿರುತ್ತದೆ, ಅಥವಾ ಗೀಸರ್ ಪಕ್ಕದಲ್ಲಿ ಎರಡೂ ಲೈನ್ ಸೇರಿಸುವ ಬೈಪಾಸ್ ವಾಲ್ವ್ ಬಿಟ್ಟೇ ಇರುತ್ತದೆ. ತಣ್ಣೀರಿನ ಲೈನಿಗೆ ಮಾತ್ರ ಪ್ರೆಷರ್ ಪಂಪ್ ಹಾಕಿಸಿದ್ದರಂತೂ ಕೇಳಲೇಬೇಡಿ, ವೆಂಟ್ ಪೈಪಿನಿಂದ ನೀರು ಮಾಳಿಗೆ ತುಂಬಾ ಸುರಿಯುತ್ತದೆ.

ಇದಕ್ಕೆ ಪ್ಲಂಬರ್‌ಗಳು ಹೇಳುವ ಸುಲಭದ ದಾರಿ, ಬಿಸಿನೀರಿನ ಲೈನಿಗೆ ಒಂದು ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್. ನನಗೆ ಅದು ಇಷ್ಟವಿಲ್ಲ. ಸ್ಪ್ರಿಂಗ್ ಇರುವ ಎನ್‌ಆರ್‌ವಿ ತೆರೆಯಲು ಒತ್ತಡ ಬೇಕು. ಮಾಳಿಗೆಯಿಂದ ಸುಮ್ನೆ ಇಳಿದು ಬರುವ ನೀರಿಗೆ ಅಷ್ಟು ಬಲ ಇರುವುದಿಲ್ಲ, ಧಾರೆ ಸಣ್ಣಗಾಗುತ್ತದೆ. ಕಾರ್ಟ್ರಿಡ್ಜ್ ಬದಲಿಸಿ, ತಿರುಪು ಮುಚ್ಚುವ ಅಭ್ಯಾಸ ಮಾಡಿಕೊಳ್ಳಿ. ಹಾಕಲೇಬೇಕೆಂದರೆ ಫ್ಲಾಪ್ ಇರುವುದನ್ನೇ ಹಾಕಿಸಿ. ಅಗ್ಗಕ್ಕೆ ಸಿಗುತ್ತದೆಂದು ಬಿಸಿನೀರಿಗೆ ಸಾದಾ ಪಿವಿಸಿ ಪೈಪ್ ಜೋಡಿಸಿದವರನ್ನೂ ನೋಡಿದ್ದೇನೆ. ಅದು ಬಿಸಿಗೆ ಮೆತ್ತಗಾಗಿ ಜೋತು ಬೀಳುತ್ತದೆ, ಜೋತುಬಿದ್ದ ಪಕ್ಕದ ಉಬ್ಬಿನಲ್ಲಿ ಮತ್ತೆ ಗಾಳಿ ಕೂರುತ್ತದೆ. ಬಿಸಿ ತಡೆಯುವ ಸಿಪಿವಿಸಿ ಪೈಪೇ ಬೇಕು.

ಇಷ್ಟಾದ ಮೇಲೂ ಟ್ಯೂಬ್ ಒಡೆದದ್ದು ಕಣ್ಣಿಗೆ ಕಂಡರೆ ಬದಲಿಸಿ. ರಬ್ಬರ್ ರಿಂಗಿಗೆ ಸೋಪಿನ ನೀರು ಹಚ್ಚಿ, ತಿರುಗಿಸುತ್ತಾ ತಳ್ಳಿ. ಕೆಲಸ ಸೂರ್ಯ ಹುಟ್ಟುವ ಮೊದಲು ಮುಗಿಯಲಿ. ಮಧ್ಯಾಹ್ನ ಕಾದು ಕೂತ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರೆ ಹೊಸದೂ ಟಣ್ ಅಂತ ಒಡೆಯುತ್ತದೆ.